ಅಡಿಕೆ ಸಸಿಯೋ, ಬೈನೆ ಸಸಿಯೋ?



ಹಿತ್ತಲಲ್ಲಿ ಅಡಿಕೆ ಸಸಿ ಮಾಡಿ ಮಾರುವುದನ್ನು ನಮ್ಮ ಕೆಲವು ಸಂಘಗಳು ಆದಾಯದ ಚಟುವಟಿಕೆಯಾಗಿ ಕೈಗೆತ್ತಿಕೊಂಡಿವೆ. ಹೆಚ್ಚು ಜಾಗ ಬೇಡ, ಬಂಡವಾಳವೂ ಕಡಿಮೆ. ಆದರೆ ಬೆಂಡೆ ಬೀಜ ಕೆಟ್ಟರೆ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಅಡಿಕೆ ಫಸಲಿಗೆ ಐದಾರು ವರ್ಷ ಕಾಯಬೇಕು. ನಾವು ಕೊಟ್ಟ ಸಸಿ ಸರಿಯಿಲ್ಲವೆಂದು ಕೊಂಡವರಿಗೆ ತಿಳಿಯುವಾಗ ಅವರ ನೀರು, ಗೊಬ್ಬರ, ಕೂಲಿ ಎಲ್ಲ ಮುಗಿದಿರುತ್ತದೆ.

ನಾವೇ ಒಮ್ಮೆ ಮೋಸ ಹೋದೆವು. ಬೀಜ ಹಾಕಿ ಕಾಯುವುದು ಯಾಕೆಂದು, ತೋಟದ ಬದಿಯಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಕಿತ್ತು ತಂದು ತೊಟ್ಟೆಗಳಲ್ಲಿ ನೆಟ್ಟೆವು. "ಸಿಸ್ಟರ್, ಇದರ ಎಲೆ ಯಾಕೋ ಬೇರೆ ಥರ ಉಂಟಲ್ಲ?" ಎಂದು ಸಂಘದ ಹಿರಿಯಮ್ಮ ಒಬ್ಬರು ಹೇಳಿದ ಮೇಲೆಯೇ ಸರಿಯಾಗಿ ನೋಡಿದ್ದು. ಅರ್ಧಕ್ಕರ್ಧ ಬೈನೆ! ಪುನುಗು ಬೆಕ್ಕು ಬೈನೆ ಹಣ್ಣು ತಿಂದು ಬೀಜವನ್ನು ಅಲ್ಲಲ್ಲಿ ಹಾಕಿ ಹೋಗುತ್ತದೆ, ಅದು ಅಡಿಕೆ ಮರದಡಿಯೂ ಹುಟ್ಟುತ್ತದೆ.

ಚಿಕ್ಕದಿರುವಾಗ ಎರಡರ ಎಲೆಯೂ ತುದಿಯಲ್ಲಿ ಇಬ್ಭಾಗ. ಅಡಿಕೆಯದು ಉದ್ದಕ್ಕೆ ಮಡಿಕೆ ಬಿದ್ದ ಹಾಗೆ ಇರುತ್ತದೆ. ಬೈನೆಯದು ಮೀನಿನ ಬಾಲದಂತೆ ಅಗಲ, ಅಂಚು ಇಲಿ ಕಡಿದ ಹಾಗೆ. ಆದರೂ ಅನುಮಾನವೇ? ಬುಡದ ಮಣ್ಣು ಸ್ವಲ್ಪ ಸರಿಸಿ ನೋಡಿ. ಅಡಿಕೆಯಾದರೆ ನಾರಿನ ಸಿಪ್ಪೆ ಅಂಟಿಕೊಂಡೇ ಇರುತ್ತದೆ. ತೆಂಗಿನ ಸಸಿಯ ಮೊದಲ ಎಲೆಗಳು ಸೀಳದೆ ಇಡಿಯಾಗಿರುತ್ತವೆ, ಅದರಲ್ಲಿ ಗೊಂದಲವಿಲ್ಲ. ಇನ್ನು ಪೇಟೆಯ ನರ್ಸರಿಗಳಲ್ಲಿ ಚಟ್ಟಿಯಲ್ಲಿಟ್ಟು 'ಅರೆಕಾ ಪಾಮ್' ಎಂದು ಮಾರುವುದು ಬರೀ ಅಂದದ ಗಿಡ. ಒಂದೇ ಬುಡದಿಂದ ಹಲವು ಕಾಂಡ, ದಂಟು ಹಳದಿ. ಅದರಿಂದ ನಮ್ಮ ಅಡಿಕೆ ಸಿಗದು.

ಆದ್ದರಿಂದ ಬೀಜ ಹಾಕಿಯೇ ಸಸಿ ಮಾಡುವುದು ಒಳ್ಳೆಯದು. ವರ್ಷವೂ ತಪ್ಪದೆ ಫಲ ಕೊಡುವ ಮರದ, ಪೂರ್ತಿ ಹಣ್ಣಾದ, 35 ಗ್ರಾಂಗಿಂತ ಹೆಚ್ಚು ತೂಗುವ ಅಡಿಕೆ ಆರಿಸಿ. ಹಳದಿ ಎಲೆ ರೋಗವಿರುವ ತೋಟದ್ದು ಬೇಡವೇ ಬೇಡ. ಬಕೆಟ್ ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಹಣ್ಣಿನಿಂದ ಬಲವಾದ ಸಸಿ ಬರುತ್ತದೆ. ನೆರಳಿನ ಹೊಯಿಗೆ ಪಾತಿಯಲ್ಲಿ ತೊಟ್ಟು ಮೇಲೆ ಮಾಡಿ ಊರಿ, ದಿನವೂ ನೀರು ಚಿಮುಕಿಸಿ. ಮೊಳಕೆಗೆ 40 ದಿನವಾದರೂ ಬೇಕು, ಕೆಲವು ಮೂರು ತಿಂಗಳು ಸತಾಯಿಸುತ್ತವೆ. ಎರಡು-ಮೂರು ಎಲೆ ಬಂದಾಗ ತೊಟ್ಟೆಗೆ ದಾಟಿಸಿ. 7 ಬುಟ್ಟಿ ಮೇಲ್ಮಣ್ಣಿಗೆ 3 ಬುಟ್ಟಿ ಹಟ್ಟಿಗೊಬ್ಬರ, 2 ಬುಟ್ಟಿ ಹೊಯಿಗೆ.

ವರ್ಷ ಕಳೆದ ಮೇಲೆ ಆರಿಸುವಾಗ ಹೆಚ್ಚಿನವರು ಉದ್ದದ ಸಸಿಗೇ ಕೈ ಹಾಕುತ್ತಾರೆ. ತಪ್ಪು! ಗಿಡ್ಡವಾಗಿದ್ದು ಎಲೆ ಹೆಚ್ಚಿರುವುದೇ ಉತ್ತಮ. ಇದಕ್ಕೊಂದು ಲೆಕ್ಕ ಉಂಟು: ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ. 6 ಎಲೆಯ, 90 ಸೆಂ.ಮೀ. ಸಸಿಗೆ 150 ಅಂಕ; 4 ಎಲೆಯ, 110 ಸೆಂ.ಮೀ. ಸಸಿಗೆ ಬರೀ 50. ಸಂಘದ ಲೆಕ್ಕ ಬರೆಯುವವರಿಗೆ ಇದೇನು ಕಷ್ಟ? ಐದು ಎಲೆಗಿಂತ ಕಡಿಮೆಯಿದ್ದರೆ ಮಾರಬೇಡಿ, ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಿ.

ಕೊಡುವಾಗ ಬುಡದ ಮಣ್ಣು ಉದುರದ ಹಾಗೆ ತೊಟ್ಟೆ ಸಮೇತ ಕೊಡಿ. ನೀರು ಬಸಿಯುವ ಜಾಗದಲ್ಲಿ ಮೇ-ಜೂನ್‌ನಲ್ಲಿ, ಜೇಡಿಮಣ್ಣಾದರೆ ಮಳೆಯ ಜೋರು ಇಳಿದ ಮೇಲೆ ಆಗಸ್ಟ್-ಸೆಪ್ಟೆಂಬರಿನಲ್ಲಿ ನೆಡಲು ಹೇಳಿ. ನಮ್ಮ ಆ ಬೈನೆ ಸಸಿಗಳನ್ನು ಎಸೆಯಲಿಲ್ಲ, ಗಡಿಯ ಬೇಲಿ ಬದಿಗೆ ನೆಟ್ಟೆವು.