ಮೊಣಕಾಲು ನೋವು: ಕುರ್ಚಿ ಬಿಟ್ಟೇಳುವುದೇ ಮೊದಲ ಮದ್ದು

ನಾಗಪುರದ ಕನ್ನಡಿಗರು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದರೆ ಮಕ್ಕಳ ವಿಚಾರ ಮುಗಿಯುತ್ತಲೇ ಮೊಣಕಾಲಿನ ಮಾತು ಆರಂಭವಾಗುತ್ತದೆ. ರೈಲ್ವೆ, ಬ್ಯಾಂಕು, ಕೇಂದ್ರ ಸರಕಾರಿ ಕಚೇರಿಗಳಿಗೆ ವರ್ಗವಾಗಿ ಬಂದು ಇಲ್ಲಿಯೇ ಮನೆ ಮಾಡಿದವರು, ಹೋಟೆಲ್ ಉದ್ಯಮದಲ್ಲಿ ದಿನವಿಡೀ ನಿಂತು ದುಡಿದವರು ಈಗ ಅರುವತ್ತು, ಎಪ್ಪತ್ತು ದಾಟಿದ್ದಾರೆ. ಭೋಜನಕ್ಕೆ ನೆಲದ ಮೇಲೆ ಎಲೆ ಹಾಕಿದರೆ ಟೇಬಲ್ ಹುಡುಕುವವರೇ ಹೆಚ್ಚು. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿರುವವರು ಒಂದು ವರ್ಷ ಕಷ್ಟಪಟ್ಟು ಬರುತ್ತಾರೆ, ಮರುವರ್ಷ ಫೋನಿನಲ್ಲಿಯೇ ಶುಭಾಶಯ ಹೇಳಿ ಸುಮ್ಮನಾಗುತ್ತಾರೆ. ಬೆಂಗಳೂರಿನಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಈ ಊರಿನಲ್ಲಿ ಕನ್ನಡ ಮಾತನಾಡಲು ಸಿಗುವ ನಾಲ್ಕು ಜನರೂ ಹೀಗೆ ದೂರವಾಗುತ್ತಾರೆ.

ಇದು ಒಬ್ಬಿಬ್ಬರ ಸಮಸ್ಯೆಯಲ್ಲ. ಬೆಂಗಳೂರು, ಪುಣೆ, ಕೋಲ್ಕತಾ, ಆಗ್ರಾ, ಡೆಹ್ರಾಡೂನ್ ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ 40 ವರ್ಷ ದಾಟಿದವರಲ್ಲಿ ಶೇ. 28.7 ಮಂದಿಗೆ ಮೊಣಕಾಲಿನ ಸಂಧಿವಾತವಿತ್ತು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ವಿಶ್ರಾಂತಿಯೇ ಶತ್ರು

ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎಂದು ಕರೆಯುವ ಈ ಕಾಯಿಲೆಯಲ್ಲಿ ಎಲುಬಿನ ತುದಿಗಳನ್ನು ಹೊದ್ದುಕೊಂಡಿರುವ ನುಣುಪಾದ ಮೃದು ಎಲುಬು ತೆಳ್ಳಗಾಗುತ್ತದೆ. ಸಂಧಿಯೊಳಗೆ ಆಗಾಗ ಊತವೂ ಬರುತ್ತದೆ. "ಸವೆದಿದೆ" ಎಂಬ ಮಾತು ಕಿವಿಗೆ ಬಿದ್ದದ್ದೇ, ಇನ್ನಷ್ಟು ಸವೆಯದಿರಲಿ ಎಂದು ಅನೇಕರು ನಡೆಯುವುದನ್ನೇ ಬಿಡುತ್ತಾರೆ. ತಪ್ಪಾಗುವುದು ಇಲ್ಲಿಯೇ. ಮೃದು ಎಲುಬಿಗೆ ನೇರ ರಕ್ತಸಂಚಾರವಿಲ್ಲ. ಕಾಲು ಮಡಚಿ ಬಿಡಿಸಿದಾಗ ಒಳಗಿನ ಜಾರುದ್ರವವೇ ಅದಕ್ಕೆ ಆಹಾರ ಒಯ್ಯುತ್ತದೆ. ಮೊಣಕಾಲಿನ ಭಾರ ಹೊರಲು ನೆರವಾಗುವ ತೊಡೆಯ ಸ್ನಾಯುಗಳು ಕೂತಲ್ಲೇ ಕೂತರೆ ಸೊರಗುತ್ತವೆ. ಸ್ನಾಯು ಸೊರಗಿದಷ್ಟೂ ನೋವು, ನೋವಾದಷ್ಟೂ ಕೂರುವುದು: ಚಕ್ರಬಡ್ಡಿಯಂತೆ ಇದು ಬೆಳೆಯುತ್ತದೆ.

ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ವ್ಯಾಯಾಮ ಮತ್ತು ತೂಕ ನಿಯಂತ್ರಣಕ್ಕೇ ಪ್ರಥಮ ಸ್ಥಾನ. ನಮ್ಮ ಬೆಂಗಳೂರಿನಲ್ಲಿ ಮೂಳೆತಜ್ಞ ಡಾ. ಜಾನ್ ಎಬ್ನೇಜರ್ ಅವರು ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಜೊತೆಗೂಡಿ 250 ಮೊಣಕಾಲು ರೋಗಿಗಳ ಮೇಲೆ ನಡೆಸಿದ ಅಧ್ಯಯನವೂ ಗಮನಾರ್ಹ. ಎರಡೂ ಗುಂಪಿಗೆ ಫಿಸಿಯೋಥೆರಪಿ ಯಂತ್ರಗಳ ಚಿಕಿತ್ಸೆ ಸಮಾನವಾಗಿತ್ತು. ಅದರ ಜೊತೆಗೆ ಒಂದು ಗುಂಪಿಗೆ ದಿನಕ್ಕೆ 40 ನಿಮಿಷ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ. ಮೂರು ತಿಂಗಳ ಬಳಿಕ ಯೋಗ ಮಾಡಿದವರ ಸುಧಾರಣೆ ಹೆಚ್ಚಿತ್ತು. ಆದರೆ ನೋವಿದ್ದವರು ಪದ್ಮಾಸನ, ವಜ್ರಾಸನಕ್ಕೆ ಕೈಹಾಕದೆ ಬಲ್ಲವರಿಂದ ಕಲಿಯುವುದು ಕ್ಷೇಮ.

ಮನೆಯಲ್ಲೇ ಮಾಡಬಹುದಾದದ್ದು

ಎತ್ತರದ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಹತ್ತು ಸಲ, ಬಳಿಕ ಇನ್ನೊಂದು ಕಾಲು. ಮಲಗಿದಾಗ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಬೇಕು. ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದೇ ಮೂರನೆಯ ವ್ಯಾಯಾಮ. ಆರಂಭದಲ್ಲಿ ತುಸು ನೋವಾದರೆ ಹೆದರಬೇಕಿಲ್ಲ. ಮರುದಿನವೂ ನೋವು ಉಳಿದರೆ ಅಥವಾ ಊತ ಬಂದರೆ ಪ್ರಮಾಣ ತಗ್ಗಿಸಬೇಕು. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಒಂದು ವಾರ ಮಾಡಿ ಬಿಡುವವರೇ "ಏನೂ ಉಪಯೋಗವಿಲ್ಲ" ಎನ್ನುವವರು.

ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ನೋವಿನ ಕಾಲಿನ ಎದುರು ಕೈಯಲ್ಲಿರಬೇಕು. ಅದನ್ನು ಹಿಡಿಯಲು ನಾಚಿ ಮನೆಯಲ್ಲೇ ಉಳಿಯುವುದಕ್ಕಿಂತ ಹಿಡಿದು ಸಭೆಗೆ ಬರುವುದೇ ಮೇಲು.

ತೂಕದ ಲೆಕ್ಕವಂತೂ ಸರಳ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ನಾಲ್ಕು ಕಿಲೋದಷ್ಟು ಕಡಿಮೆ. ಸಾವಿರ ಹೆಜ್ಜೆಗೆ ನಾಲ್ಕು ಸಾವಿರ ಕಿಲೋ! ಬೆಳಗಿನ ತರ್ರಿ ಪೋಹೆ, ಸಂಜೆಯ ಸಂತ್ರಾ ಬರ್ಫಿ ಬಾಯಿಗಿಡುವ ಮೊದಲು ಈ ಲೆಕ್ಕ ನೆನಪಾದರೆ ಒಳ್ಳೆಯದು.

ನಾಗಪುರದ ಬಿಸಿಲು, ನೋವಿನ ಮಾತ್ರೆ

ಇಲ್ಲಿನ ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ದಾಟುವುದು ಹೊಸತಲ್ಲ. ಸಿವಿಲ್ ಲೈನ್ಸ್, ಸೆಮಿನರಿ ಹಿಲ್ಸ್ ಕಡೆಯ ಮರದ ನೆರಳಿನಲ್ಲಿ ನಡೆಯುವವರು ಸೂರ್ಯ ಮೇಲೇರುವ ಮುನ್ನ ಮನೆ ಸೇರಬೇಕು. ಆಗದಿದ್ದರೆ ಮನೆಯ ಹಜಾರದಲ್ಲೇ ನಡೆದರಾಯಿತು. ಬೇಸಗೆಯಲ್ಲಿ ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು. ಬೆವರಿ ದೇಹದ ನೀರು ಬತ್ತಿದಾಗ ಮೂತ್ರಪಿಂಡಕ್ಕೂ ಪೆಟ್ಟು. ಬಿ.ಪಿ. ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ಔಷಧ ಅಂಗಡಿಯಲ್ಲಿ ತಾವೇ ಕೇಳಿ ತಿಂಗಳುಗಟ್ಟಲೆ ನುಂಗುವ ಅಭ್ಯಾಸ ಬಿಡಲೇಬೇಕು. ಮೊಣಕಾಲಿಗೆ ಹಚ್ಚುವ ಮುಲಾಮು ಇದಕ್ಕಿಂತ ಸುರಕ್ಷಿತ.

ನಿವೃತ್ತರ ಹಣಕ್ಕೆ ಕಣ್ಣು ಹಾಕುವ ಉಪಚಾರಗಳೂ ಅನೇಕ. ಗ್ಲುಕೋಸಮೈನ್ ಮಾತ್ರೆಯನ್ನು 1,583 ರೋಗಿಗಳಲ್ಲಿ ಪರೀಕ್ಷಿಸಿದ ಅಮೆರಿಕದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಟ್ಟಾರೆ ಫಲಿತಾಂಶದಲ್ಲಿ ಅದು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಾಯೆನಿಸಬಹುದು. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟಾಗ ಮೃದು ಎಲುಬು ಹೆಚ್ಚು ಸವೆದದ್ದು 2017ರ ಅಧ್ಯಯನದಲ್ಲಿ ಕಂಡುಬಂತು.

ಶಸ್ತ್ರಚಿಕಿತ್ಸೆ ಯಾವಾಗ?

ಶಸ್ತ್ರಚಿಕಿತ್ಸೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪ್ರಧಾನಿ ಅಟಲ ಬಿಹಾರಿ ವಾಜಪೇಯಿ ಅವರು 2000ದ ಅಕ್ಟೋಬರ್‌ನಲ್ಲಿ ಒಂದು, 2001ರ ಜೂನ್‌ನಲ್ಲಿ ಇನ್ನೊಂದು ಮೊಣಕಾಲಿನ ಬದಲಿ ಜೋಡಣೆಯನ್ನು ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡಿಸುವ ನೋವು, ಮನೆಯೊಳಗೂ ನಡೆಯಲಾಗದ ಸ್ಥಿತಿ ಇದ್ದರೆ ಅದನ್ನು ಮುಂದೂಡಬಾರದು. ಮೊದಲೇ ಬಲಪಡಿಸಿದ ತೊಡೆ ಆಗಲೂ ಕೈಹಿಡಿಯುತ್ತದೆ. ಜ್ವರದೊಂದಿಗೆ ಕೆಂಪಗೆ ಊದಿದ ಮೊಣಕಾಲು, ಬಿದ್ದ ಬಳಿಕದ ನೋವು, ಬೆಳಿಗ್ಗೆ ಗಂಟೆಗಟ್ಟಲೆ ಹಲವು ಸಂಧಿಗಳ ಬಿಗಿತ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಗರದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲದೆ, 2022ರ ಡಿಸೆಂಬರ್‌ನಲ್ಲಿ ಲೋಕಾರ್ಪಣೆಗೊಂಡ ಮಿಹಾನ್‌ನ ಏಮ್ಸ್ ಕೂಡ ಇದೆ.

ಕನ್ನಡ ಸಂಘಗಳೂ ಮಾಡಬಹುದಾದ ಕೆಲಸವಿದೆ. ಸಭೆಯನ್ನು ನೆಲಮಹಡಿಯಲ್ಲೋ ಲಿಫ್ಟ್ ಇರುವ ಕಡೆಯೋ ಇಟ್ಟುಕೊಳ್ಳುವುದು, ಊಟಕ್ಕೆ ಟೇಬಲಿನ ವ್ಯವಸ್ಥೆ, ಸಭೆಗೆ ಮುನ್ನ ಹತ್ತು ನಿಮಿಷ ಎಲ್ಲರೂ ಕೂಡಿ ಕುರ್ಚಿಯ ವ್ಯಾಯಾಮ: ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಕಳೆದ ವರ್ಷ ಬಂದು ಈ ವರ್ಷ ಕಾಣದ ಹಿರಿಯರ ಮನೆಗೆ ಒಬ್ಬರು ಹೋಗಿ, ಕೈಹಿಡಿದು ಮೆಟ್ಟಿಲಿಳಿಸಿ ಕರೆತಂದರೆ ಅರ್ಧ ಚಿಕಿತ್ಸೆ ಆದಂತೆ.