ದೆವ್ವದ ಕತೆ ಹೇಳ್ತೀರಾ? ದನಿ ತಗ್ಗಿಸಿ!

ಕರೆಂಟ್ ಹೋದರೆ ಸಾಕು, ‘ಅಮ್ಮಾ, ದೆವ್ವದ ಕತೆ ಹೇಳಮ್ಮಾ’ ಎಂದು ಮಕ್ಕಳು ದುಂಬಾಲು ಬೀಳುತ್ತವೆ. ನಾವೋ, ಬಿಳಿ ಸೀರೆ, ಕೆದರಿದ ಕೂದಲು, ಗೆಜ್ಜೆ ಸದ್ದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿಬಿಡುತ್ತೇವೆ. ಟೀವಿಯಲ್ಲಿ ಇದರಪ್ಪನಂಥದ್ದನ್ನು ನೋಡಿರುವ ಮಕ್ಕಳು ಕಿಸಕ್ಕನೆ ನಗುತ್ತವೆ. ತಪ್ಪು ದೆವ್ವದ್ದಲ್ಲ ಬಿಡಿ, ನಮ್ಮದೇ.

ಹೆದರಿಸಲು ಪಾಳುಬಂಗಲೆಯೇ ಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ್ದ ‘ನಾಳೆ ಬಾ’ ಸುದ್ದಿ ನಿಮಗೂ ನೆನಪಿರಬಹುದು. ರಾತ್ರಿ ಹೊತ್ತು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಂತೆ, ಬಾಗಿಲು ತೆಗೆದರೆ ಕತೆ ಮುಗೀತಂತೆ. ಅದಕ್ಕೇ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಓದಿಕೊಂಡು ವಾಪಸ್ಸು ಹೋಗುವ ದೆವ್ವ ಮರುದಿನ ಬಂದರೂ ಅದೇ ಬರಹ! (ಅದಕ್ಕೆ ಕನ್ನಡ ಓದಲು ಬರುತ್ತಿತ್ತಲ್ಲ, ನಮ್ಮ ಪುಣ್ಯ.) ಇಲ್ಲಿ ದೆವ್ವದ ಮುಖ ಹೇಗಿತ್ತೆಂದು ಯಾರೂ ಹೇಳುವುದಿಲ್ಲ, ಗಮನಿಸಿದಿರಾ? ಬಾಗಿಲು ನಮ್ಮದು, ದನಿ ನಮ್ಮವರದು. ಭಯ ಇರೋದೇ ಅಲ್ಲಿ.

ಹಾಗಾಗಿ ನಿಮ್ಮ ಕತೆಯೂ ನಿಮ್ಮದೇ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ನಡೆಯಲಿ. ಒಣಗಿದ ಬಟ್ಟೆ ತರಲು ಹೋದದ್ದು, ಕ್ಲಿಪ್ಪು ಉರುಳಿ ಹೋದದ್ದು, ಇಂಥದ್ದರಿಂದಲೇ ಶುರು ಮಾಡಿ. ಹೆದರಿಕೆಯ ಜಾಗ ಬಂದಾಗ ಕಿರುಚಬೇಡಿ, ದನಿ ಇಳಿಸಿ. ಮಕ್ಕಳು ತಾವಾಗಿಯೇ ಹತ್ತಿರ ಸರಿಯುತ್ತವೆ. ‘ಆಮೇಲೆ?’ ಅನ್ನುವ ತನಕ ಸುಮ್ಮನಿದ್ದುಬಿಡಿ.

ಆದರೆ ಕೇಳುವವರು ಚಿಕ್ಕವರಾದರೆ, ಪಾರಾಗುವ ಉಪಾಯ ಹೇಳದೆ ಮಾತ್ರ ಏಳಬೇಡಿ. ನನ್ನ ಆರು ವರ್ಷದ ಮಗನಿಗೆ ‘ನಾಳೆ ಬಾ’ ಕತೆ ಹೇಳುತ್ತಿದ್ದೆ. ದೆವ್ವ ಅಮ್ಮನ ದನಿಯಲ್ಲಿ ಕರೆಯಿತು ಅನ್ನುವಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ. ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಎಂದರೆ ಉತ್ತರವೇ ಇಲ್ಲ. ರೂಮಿನ ಚಿಲಕ ಹಾಕಿಕೊಂಡು, ‘ನೀನು ನಿಜವಾಗ್ಲೂ ಅಮ್ಮಾನೇನಾ?’ ಎಂದು ಒಳಗಿನಿಂದ ಬಿಕ್ಕುತ್ತಿದ್ದ. ನನ್ನ ದನಿಗೇ ಮಗು ಹೆದರಿತಲ್ಲ ಎಂದು ಹೊಟ್ಟೆ ಕಿವುಚಿದಂತಾಯಿತು. ಬಾಗಿಲ ಆಚೆಯೇ ಕೂತು ಉಳಿದ ಕತೆಯನ್ನೆಲ್ಲ ಹೇಳಿದ ಮೇಲೇ ಚಿಲಕ ತೆಗೆದ. ಕೈಗೆ ಸೀಮೆಸುಣ್ಣ ಕೊಟ್ಟೆ. ಮುಂಬಾಗಿಲ ಮೇಲೆ ಸೊಟ್ಟ ಅಕ್ಷರದಲ್ಲಿ ‘ನಾಳೆ ಬಾ’ ಎಂದು ಬರೆದು, ಉಂಡು, ಗಡದ್ದಾಗಿ ಮಲಗಿದ.

ಬೆಳಿಗ್ಗೆ ಹಾಲಿನವನು ಅದನ್ನು ಓದಿ, ಪ್ಯಾಕೆಟ್ ಹಾಕದೆ ಹೊರಟುಹೋಗಿದ್ದ. ಅವತ್ತು ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ!