ಸ್ತನದ ಗಂಟು, ಚಿತ್ರಪರೀಕ್ಷೆ ಮತ್ತು ಸೂಜಿ

ಸ್ತನದಲ್ಲಿ ಗಂಟು ಕಾಣಿಸಿತೆಂದರೆ ಮನೆಮಂದಿಗೆಲ್ಲ ಕಳವಳವಾಗುವುದು ಸಹಜ. ಆದರೆ ಗಂಟುಗಳೆಲ್ಲವೂ ಕ್ಯಾನ್ಸರ್ ಅಲ್ಲ. ನೀರು ತುಂಬಿದ ಚೀಲಗಳು, ತರುಣಿಯರಲ್ಲಿ ಸಾಮಾನ್ಯವಾದ ಫೈಬ್ರೊಅಡಿನೋಮ ಮೊದಲಾದವು ಪ್ರಾಣಕ್ಕೆ ಅಪಾಯ ತರುವಂಥವಲ್ಲ. ಸಂದೇಹ ಉಳಿದಾಗ ವೈದ್ಯರು ಬಯಾಪ್ಸಿ ಮಾಡುತ್ತಾರೆ. ಎಂದರೆ ಸೂಜಿಯಿಂದ ಅಂಗಾಂಶದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ಹೀಗೆ ಪರೀಕ್ಷಿಸಿಕೊಂಡ ಬಹುಪಾಲು ಮಹಿಳೆಯರಲ್ಲಿ ಕ್ಯಾನ್ಸರ್ ಇಲ್ಲವೆಂದೇ ತಿಳಿದುಬರುತ್ತದೆ. ಅಷ್ಟು ದಿನಗಳ ನೋವು, ಖರ್ಚು, ನಿದ್ರೆಗೇಡುಗಳನ್ನು ತಪ್ಪಿಸಬಹುದೇ?

ಸಂದೇಹಕ್ಕೆ ಬಹುಮಟ್ಟಿಗೆ ಕಾರಣ ಚಿತ್ರದ ಅಸ್ಪಷ್ಟತೆ. ಮ್ಯಾಮೊಗ್ರಾಂ ಎಂಬ ಕ್ಷ-ಕಿರಣ ಚಿತ್ರದಲ್ಲಿ ದಟ್ಟವಾದ ಸ್ತನಾಂಗಾಂಶವೂ ಬಿಳಿ, ಗಂಟೂ ಬಿಳಿ. ಎಳೆಯ ವಯಸ್ಸಿನಲ್ಲಿ ಈ ದಟ್ಟತೆ ಹೆಚ್ಚು. ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಭಾರತದ ಮಹಿಳೆಯರಲ್ಲಿ ಈ ರೋಗ ಕಾಣಿಸಿಕೊಳ್ಳುವುದರಿಂದ ನಮಗೆ ಈ ತೊಡಕು ದೊಡ್ಡದು.

ಪರಿಹಾರಗಳು ಇಲ್ಲದಿಲ್ಲ. ಅಲ್ಟ್ರಾಸೌಂಡ್ ಪರೀಕ್ಷೆಯು ನೀರುಚೀಲವನ್ನು ಘನಗಂಟಿನಿಂದ ಬೇರ್ಪಡಿಸಿ ತೋರಿಸುತ್ತದೆ. 2011ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಟೊಮೊಸಿಂಥೆಸಿಸ್ ಸ್ತನವನ್ನು ಪದರಪದರವಾಗಿ ಚಿತ್ರಿಸಿ, ಒಂದರ ಮೇಲೊಂದು ಬಿದ್ದ ನೆರಳುಗಳನ್ನು ಬಿಡಿಸುತ್ತದೆ. ಅಮೇರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ರೂಪಿಸಿದ ಬೈರಾಡ್ಸ್ ಎಂಬ ಶ್ರೇಣಿಯೂ ಸಹಕಾರಿ. ವರದಿಯಲ್ಲಿ 3ನೆಯ ಶ್ರೇಣಿ ಇದ್ದರೆ ಕ್ಯಾನ್ಸರಿನ ಸಂಭವ ಶೇಕಡಾ 2ನ್ನು ಮೀರದು. ಸಾಮಾನ್ಯವಾಗಿ ಸೂಜಿಯ ಬದಲು ಆರು ತಿಂಗಳಿಗೆ ಮರುಚಿತ್ರಣ ಸಾಕು. 4 ಅಥವಾ 5 ಇದ್ದರೆ ಬಯಾಪ್ಸಿ ಅವಶ್ಯಕ.

ಎಲ್ಲಕ್ಕಿಂತ ಸುಲಭವಾದ ಸಾಧನ ಹಳೆಯ ಚಿತ್ರ. ಎರಡು ಮೂರು ವರ್ಷಗಳಿಂದ ಬದಲಾಗದ ನೆರಳು ಹೆಚ್ಚಾಗಿ ನಿರುಪದ್ರವಿ. ಊರು ಬಿಟ್ಟು ಊರಿಗೆ ಬಂದವರು ಎಡವುವುದು ಇಲ್ಲಿಯೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ತೆಗೆಸಿದ ಚಿತ್ರ ತವರಿನ ಬೀರುವಿನಲ್ಲಿ ಉಳಿದರೆ, ಮಯೂರ್ ವಿಹಾರ್‌ನ ಗೃಹಿಣಿಯನ್ನು ಪಕ್ಕದ ವಸುಂಧರಾ ಎನ್‌ಕ್ಲೇವ್‌ನ ಧರ್ಮಶಿಲಾ ಆಸ್ಪತ್ರೆಯಲ್ಲಾಗಲಿ, ಯಮುನೆಯಾಚೆಯ ಏಮ್ಸ್‌ನಲ್ಲಾಗಲಿ ಪರೀಕ್ಷಿಸುವ ತಜ್ಞರಿಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಹಳೆಯ ನೆರಳೇ ಹೊಸದಾಗಿ ತೋರಿ ಸೂಜಿಗೆ ದಾರಿಯಾದೀತು. ಆದ್ದರಿಂದ ಫಿಲ್ಮು, ಸಿ.ಡಿ., ವರದಿಗಳನ್ನು ಮನೆಯ ಪತ್ರಗಳಂತೆಯೇ ಜೋಪಾನವಾಗಿಟ್ಟು ಪರೀಕ್ಷೆಗೆ ಕೊಂಡೊಯ್ಯಬೇಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಿತ್ರ ನಿರ್ಮಲವಾಗಿದ್ದರೂ ಕೈಗೆ ಸಿಗುವ ಗಂಟು ಉಳಿದಿದ್ದರೆ ವೈದ್ಯರನ್ನು ಮತ್ತೆ ಕಾಣಬೇಕು. ಸೂಜಿ ತಗುಲಿದರೆ ರೋಗ ಹರಡೀತೆಂಬ ಭಯದಿಂದ ಬಯಾಪ್ಸಿಯನ್ನು ಮುಂದೂಡುವುದು ತರವಲ್ಲ. ಬೇಡದ ಸೂಜಿಯನ್ನು ತಪ್ಪಿಸುವುದು ಎಷ್ಟು ಮುಖ್ಯವೋ, ಬೇಕಾದ ಸೂಜಿಯನ್ನು ಸಕಾಲದಲ್ಲಿ ಒಪ್ಪುವುದೂ ಅಷ್ಟೇ ಮುಖ್ಯ.